ಉಗುರು ನೋಡಿ ಆರೋಗ್ಯ ತಿಳಿಯೋಣ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಬೆಳೆದಿದೆ ಎಂಬುದನ್ನು ಹಿಂದೆ ಮಾತಾಡಿದವರು ಲೆಕ್ಕ ಸಮೇತ ಹೇಳಿದ್ದಾರೆ. ನಮಗೆ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ನಾವು ಡಾಕ್ಟರಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಓದಿ ಬೇಸಾಯಕ್ಕೆ ಇಳಿದವರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ, ಒಂದಿಷ್ಟು ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ. ವಿಷಯ ದೂರದ್ದಲ್ಲ, ಎಲ್ಲರ ಬೆರಳ ತುದಿಯಲ್ಲೇ ಇರುವುದು. ಉಗುರಿನ ವಿಷಯ.

ಉಗುರಿಗೂ ಡೇರಿಗೂ ಏನ್ರೀ ಸಂಬಂಧ ಅಂತ ಯಾರೋ ನಗುತ್ತಿದ್ದೀರಿ. ಸಂಬಂಧ ಉಂಟು. ಶುದ್ಧ ಹಾಲು ಉತ್ಪಾದನೆಯ ತರಬೇತಿಯಲ್ಲಿ ಹೇಳಿಕೊಡುವ ಮೊದಲ ಮಾತುಗಳಲ್ಲಿ ಒಂದು ಯಾವುದು? ಹಾಲು ಕರೆಯುವವರು ಉಗುರು ಕತ್ತರಿಸಿಕೊಂಡಿರಬೇಕು ಅನ್ನುವುದು. ಉಗುರು ತಾಗಿ ಮೊಲೆತೊಟ್ಟು ಗೀರಿದರೆ ಅಲ್ಲಿಂದ ಕೆಚ್ಚಲು ಬಾವು ಬರುವ ಭಯ. ಹಸುವಿಗೆ ತೊಂದರೆ ಆಗದಿರಲಿ ಅಂತ ನಾವು ಉಗುರು ನೋಡಿಕೊಳ್ಳುವುದನ್ನು ಕಲಿತಿದ್ದೇವೆ. ನಮ್ಮ ಸಲುವಾಗಿ ನೋಡಿಕೊಳ್ಳುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಹಿಂದೆ ಜಾತ್ರೆಯಲ್ಲಿ ಹಸು ಕೊಳ್ಳುವಾಗ ಹಿರಿಯರು ಹಲ್ಲು ನೋಡುತ್ತಿದ್ದರು, ಆಮೇಲೆ ಕೊಂಬಿನ ಬುಡ ಸವರಿ ಉಂಗುರ ಎಣಿಸುತ್ತಿದ್ದರು. ಇಷ್ಟು ಸೂಲಾಗಿದೆ ಅಂತ ಹೇಳುತ್ತಿದ್ದರು. ಹಸು ಗರ್ಭ ಧರಿಸಿ ಕರು ಹಾಕಿ ಹಾಲು ಕೊಡುವ ಕಾಲದಲ್ಲಿ ಮೈಯ ಸತ್ವ ಆ ಕಡೆ ಹೋಗುತ್ತದೆ. ಕೊಂಬಿನ ಬೆಳವಣಿಗೆ ಅಷ್ಟು ಕಾಲ ಕುಂಟುತ್ತದೆ. ಆ ಗುರುತೇ ಉಂಗುರ. ಕಾಯಿಲೆ ಬಿದ್ದೆದ್ದ ರಾಸಿನ ಗೊರಸಿನ ಮೇಲೂ ಅಡ್ಡಗೆರೆ ಬೀಳುವುದನ್ನು ತಾವೆಲ್ಲ ಕಂಡಿದ್ದೀರಿ.

ಈಗ ಒಂದು ಮಾತು ಗಮನಿಸಿ. ಕೊಂಬಿನ ಹೊರಗವಚ, ಗೊರಸು, ನಮ್ಮ ಕೂದಲು, ನಮ್ಮ ಉಗುರು, ಎಲ್ಲವೂ ಕೆರಾಟಿನ್ ಎಂಬ ಒಂದೇ ಜಾತಿಯ ವಸ್ತುವಿನಿಂದ ಆದವು. ಕೊಂಬಿನಲ್ಲಿ ಬರೆದ ಹಾಗೆಯೇ ಉಗುರಿನಲ್ಲೂ ಮೈಯ ಸಮಾಚಾರ ಬರೆದಿರುತ್ತದೆ. ಕಣ್ಣಿಗೆ ಕಾಣುವ ಉಗುರಿಗೆ ಜೀವ ಇಲ್ಲ, ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಚರ್ಮದ ಒಳಗೆ ಅಡಗಿರುವ ಬುಡದಲ್ಲಿ. ಅಲ್ಲಿಂದ ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಮುಂದಕ್ಕೆ ಬರುತ್ತದೆ. ಬುಡದಿಂದ ತುದಿಗೆ ಬರಲು ಸುಮಾರು 6 ತಿಂಗಳು. ಕಾಲಿನ ಉಗುರು ನಿಧಾನ, ಅದಕ್ಕೆ 12ರಿಂದ 18 ತಿಂಗಳು ಬೇಕು. ಅಂದರೆ ಕೈಯ ಉಗುರು ಆರು ತಿಂಗಳ ದಾಖಲೆ ಪುಸ್ತಕ ಇದ್ದ ಹಾಗೆ.

ಮೊದಲು ವಯಸ್ಸಿನ ಮಾತು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ವಿಲಿಯಂ ಬೀನ್ ಎಂಬ ಡಾಕ್ಟರು ತಮ್ಮ ಹೆಬ್ಬೆರಳ ಉಗುರಿನ ಬುಡದಲ್ಲಿ ಗುರುತು ಮಾಡಿ, ಅದು ತುದಿ ಮುಟ್ಟಲು ಎಷ್ಟು ದಿನ ಹಿಡಿಯುತ್ತದೆ ಅಂತ ಬರೆದಿಡುತ್ತಾ ಹೋದರು. ಒಂದೆರಡು ವರ್ಷ ಅಲ್ಲ, 35 ವರ್ಷ. ಅವರ 32ನೆಯ ವಯಸ್ಸಿನಲ್ಲಿ ಉಗುರು ದಿನಕ್ಕೆ 0.123 ಮಿಲಿಮೀಟರು ಬೆಳೆಯುತ್ತಿತ್ತು. 67ನೆಯ ವಯಸ್ಸಿಗೆ ಅದು 0.095ಕ್ಕೆ ಇಳಿಯಿತು. ಈ ಲೆಕ್ಕವನ್ನು ಅವರು 1980ರಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ಉಗುರಿನ ಬೆಳವಣಿಗೆ ನಿಧಾನ ಆಗುವುದು ಸಹಜ ಅಂತ ಇದರಿಂದ ಗೊತ್ತಾಗುತ್ತದೆ.

ಹಾಗೆಯೇ ಐವತ್ತು ದಾಟಿದ ಮೇಲೆ ಉಗುರಿನ ಮೇಲೆ ಬುಡದಿಂದ ತುದಿಗೆ ಉದ್ದುದ್ದ ಗೆರೆಗಳು ಏಳುತ್ತವೆ. ಸವರಿದರೆ ಉತ್ತ ಸಾಲಿನ ಹಾಗೆ ಬೆರಳಿಗೆ ಹತ್ತುತ್ತವೆ. ಹೊಳಪು ಕಡಿಮೆ ಆಗುತ್ತದೆ, ತುದಿ ಬೇಗ ಸೀಳುತ್ತದೆ, ಬುಡದಲ್ಲಿರುವ ಬಿಳಿ ಅರ್ಧಚಂದ್ರ ಚಿಕ್ಕದಾಗುತ್ತದೆ, ಕಾಲಿನ ಉಗುರು ದಪ್ಪ ಆಗುತ್ತದೆ. ಹಿರಿಯರೆ, ಇದಕ್ಕೆಲ್ಲ ಗಾಬರಿ ಬೇಡ. ಇದು ತಲೆಗೂದಲು ನರೆತ ಹಾಗೆ.

ಆದರೆ ನಮ್ಮೂರುಗಳಲ್ಲಿ ಒಂದು ಅಭ್ಯಾಸ ಇದೆ. ಏನೇ ಆದರೂ "ವಯಸ್ಸಾಯ್ತು ಬಿಡಪ್ಪ" ಅಂತ ಒಂದೇ ಮಾತಿನಲ್ಲಿ ಮುಗಿಸುವುದು. ಸುಸ್ತಾದರೂ ವಯಸ್ಸು, ದಮ್ಮು ಕಟ್ಟಿದರೂ ವಯಸ್ಸು, ಉಗುರು ಬಿಳುಚಿಕೊಂಡರೂ ವಯಸ್ಸು. ಎಲ್ಲ ವಯಸ್ಸಿನದಲ್ಲ. ಯಾವುದು ವಯಸ್ಸು, ಯಾವುದು ಕಾಯಿಲೆ ಅಂತ ಬೇರೆ ಮಾಡಿ ನೋಡುವುದಕ್ಕೆ ಕೆಲವು ಗುರುತುಗಳನ್ನು ಹೇಳುತ್ತೇವೆ.

ಒಂದನೆಯದು, ಅಡ್ಡಗೆರೆ. ಉದ್ದಗೆರೆ ವಯಸ್ಸಿನದು, ಅಡ್ಡಲಾಗಿ ಬಿದ್ದ ಹಳ್ಳ ಹಾಗಲ್ಲ. ಜೋರು ಜ್ವರ, ನ್ಯುಮೋನಿಯಾ, ದೊಡ್ಡ ಆಪರೇಷನ್ ಇಂಥವು ಆದಾಗ ಬುಡದಲ್ಲಿ ಉಗುರಿನ ಕೆಲಸ ಸ್ವಲ್ಪ ಕಾಲ ನಿಲ್ಲುತ್ತದೆ. ಮತ್ತೆ ಶುರುವಾದಾಗ ನಡುವೆ ಒಂದು ಹಳ್ಳ ಉಳಿಯುತ್ತದೆ. ಇದನ್ನು 1846ರಲ್ಲಿ ವಿವರಿಸಿದವರು ಫ್ರಾನ್ಸ್ ದೇಶದ ಬೋ ಎಂಬ ವೈದ್ಯರು. ಹಳ್ಳ ಬುಡದಿಂದ 6 ಮಿಲಿಮೀಟರು ದೂರ ಇದ್ದರೆ ಸುಮಾರು ಎರಡು ತಿಂಗಳ ಹಿಂದೆ ಮೈಗೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಕೊರೋನಾ ಜ್ವರ ಬಂದು ಹೋದವರ ಉಗುರಿನಲ್ಲೂ ಈ ಗೆರೆ ಕಂಡುಬಂದದ್ದುಂಟು. ಗೆರೆ ತಾನಾಗಿ ಮುಂದೆ ಸರಿದು ಹೋಗುತ್ತದೆ, ಅದಕ್ಕೆ ಮದ್ದು ಬೇಡ. ಆದರೆ ಯಾವ ಜ್ವರವೂ ಬಾರದೆ ಎಲ್ಲ ಬೆರಳಿನಲ್ಲೂ ಗೆರೆ ಬಿದ್ದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಎರಡನೆಯದು, ಬಿಳಿ ಚುಕ್ಕೆ. ಚಿಕ್ಕಂದಿನಲ್ಲಿ ಬೆಳ್ಳಕ್ಕಿ ಸಾಲು ಹಾರಿ ಹೋಗುವಾಗ ನಾವೆಲ್ಲ ಉಗುರು ಉಜ್ಜಿ ಬಿಳಿ ಕೊಡು ಅಂತ ಕೇಳಿದವರೇ. ಈಗಿನವರು ಬೆಳ್ಳಕ್ಕಿ ಬಿಟ್ಟು ಕ್ಯಾಲ್ಸಿಯಂ ಕಡಿಮೆ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಎರಡೂ ಅಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ ಬರುವುದು ಉಗುರಿನ ಬುಡಕ್ಕೆ ಸಣ್ಣ ಪುಟ್ಟ ಏಟು ಬಿದ್ದದ್ದರಿಂದ. ಬೆಳೆಯುತ್ತಾ ಹೋಗುತ್ತದೆ. ಅದಕ್ಕೆ ದುಡ್ಡು ಖರ್ಚು ಮಾಡಬೇಡಿ.

ಮೂರನೆಯದು ಬಹಳ ಮುಖ್ಯ, ತಾಯಂದಿರು ಗಮನ ಕೊಡಬೇಕು. ಉಗುರು ತೆಳುವಾಗಿ, ಮೇಲಕ್ಕೆ ಉಬ್ಬಿರುವ ಬದಲು ಚಮಚದ ಹಾಗೆ ನಡುವೆ ತಗ್ಗಾಗಿ, ಒಂದು ತೊಟ್ಟು ನೀರು ಹಾಕಿದರೆ ನಿಲ್ಲುವಂತೆ ಆಗುವುದು. ದೊಡ್ಡವರಲ್ಲಿ ಇದು ಮೈಯಲ್ಲಿ ಕಬ್ಬಿಣದ ಅಂಶ ಬಹಳ ದಿನದಿಂದ ಕಡಿಮೆ ಇರುವುದರ ಗುರುತು ಇರಬಹುದು. ಉಗುರಿನ ಕೆಳಗಿನ ಕೆಂಪು ಹೋಗಿ ಸುಣ್ಣದ ಹಾಗೆ ಕಾಣುವುದು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳುಚಿರುವುದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಇವೂ ರಕ್ತಹೀನತೆಯ ಗುರುತುಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಈ ಪೆಂಡಾಲಿನಲ್ಲಿ ಕುಳಿತಿರುವ ತಾಯಂದಿರನ್ನು ಸಾಲಾಗಿ ನೋಡಿ ಲೆಕ್ಕ ಹಾಕಿ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು.

ಇವರಲ್ಲಿ ಎಲ್ಲರಿಗೂ ಉಗುರು ಚಮಚ ಆಗಿರುವುದಿಲ್ಲ. ಉಗುರಿಗೆ ಬರುವ ಹೊತ್ತಿಗೆ ಕೊರತೆ ಬಹಳ ಮುಂದೆ ಹೋಗಿರುತ್ತದೆ. ಅದಕ್ಕೇ ಉಗುರು ಚೆನ್ನಾಗಿದೆ ಅಂತ ಸುಮ್ಮನೆ ಕೂರಬಾರದು. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂ, ಬಸುರಿಯರಿಗೆ 11, ಗಂಡಸರಿಗೆ 13, ಇದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಹೇಳುತ್ತಾರೆ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬಾರದು, ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಆದರೆ ಒಳ್ಳೆಯದು. ನಾವು ಹಾಲಿನವರು, ಆದರೂ ನಿಜ ಹೇಳಬೇಕು. ಹಾಲು ಎಷ್ಟೇ ಒಳ್ಳೆಯದಾದರೂ ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ಸೊಪ್ಪು, ಕಾಳು, ತಿನ್ನುವವರಿಗೆ ಮಾಂಸ, ಇವು ಬೇಕು. ಇನ್ನೊಂದು, ಬರಿಗಾಲಲ್ಲಿ ಗದ್ದೆ, ಹಿತ್ತಲಿನಲ್ಲಿ ಓಡಾಡಿದರೆ ಕೊಕ್ಕೆಹುಳು ಚರ್ಮದ ಮೂಲಕ ಮೈ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಕಾಲಿಗೆ ಚಪ್ಪಲಿ ಇರಲಿ. ಗಂಡಸರಿಗೆ, ಮುಟ್ಟು ನಿಂತ ತಾಯಂದಿರಿಗೆ ರಕ್ತ ಕಡಿಮೆ ಆದರೆ ಟಾನಿಕ್ ಕುಡಿದು ಸುಮ್ಮನಾಗಬಾರದು. ಹೊಟ್ಟೆ ಹುಣ್ಣು, ಮೂಲವ್ಯಾಧಿ, ಕರುಳಿನ ಗಡ್ಡೆ, ಎಲ್ಲಿಂದ ರಕ್ತ ಸೋರುತ್ತಿದೆ ಅಂತ ನೋಡಿಸಬೇಕು.

ನಾಲ್ಕನೆಯದಕ್ಕೆ ಎಲ್ಲರೂ ಕೈ ಎತ್ತಿ. ಎರಡೂ ತೋರುಬೆರಳು ಮಡಿಸಿ, ಉಗುರಿಗೆ ಉಗುರು ಎದುರು ಬದರು ತಾಗಿಸಿ ಬೆಳಕಿಗೆ ಹಿಡಿಯಿರಿ. ಬುಡದ ಹತ್ತಿರ ವಜ್ರದ ಆಕಾರದ ಒಂದು ಸಣ್ಣ ಕಿಂಡಿ ಕಾಣಬೇಕು. ಕಂಡಿತಾ? ಒಳ್ಳೆಯದು. ಈ ಪರೀಕ್ಷೆಯನ್ನು 1976ರಲ್ಲಿ ತಿಳಿಸಿದವರು ದಕ್ಷಿಣ ಆಫ್ರಿಕಾದ ಹೃದಯ ತಜ್ಞ ಲಿಯೋ ಶಾಮ್ರಾತ್. ತಮಗೇ ಹೃದಯದ ಸೋಂಕು ಬಂದಾಗ ತಮ್ಮ ಬೆರಳಿನಲ್ಲೇ ಅವರು ಇದನ್ನು ಕಂಡುಕೊಂಡರು. ಬೆರಳ ತುದಿ ನಗಾರಿ ಕೋಲಿನ ಹಾಗೆ ಊದಿ, ಉಗುರು ಗಿಣಿಕೊಕ್ಕಿನಂತೆ ಬಾಗಿದಾಗ ಕಿಂಡಿ ಮುಚ್ಚಿಹೋಗುತ್ತದೆ. ಇಂಥ ಬೆರಳನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಗ್ರೀಕ್ ವೈದ್ಯ ಹಿಪ್ಪೊಕ್ರೇಟಸ್ ಗುರುತಿಸಿದ್ದ. ಶ್ವಾಸಕೋಶದ ಕ್ಯಾನ್ಸರ್, ಬಹಳ ಕಾಲದ ಎದೆಯ ಸೋಂಕು, ಹುಟ್ಟಿನಿಂದ ಬಂದ ಹೃದಯದ ದೋಷ, ಯಕೃತ್ತಿನ ಕಾಯಿಲೆ, ಇವುಗಳಲ್ಲಿ ಹೀಗೆ ಆಗುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟಾ ಹೀಗೇ ಇರುವುದೂ ಉಂಟು, ಅವರಿಗೆ ಏನೂ ಇಲ್ಲ. ಆದರೆ ಬೀಡಿ ಸೇದುವ ಯಜಮಾನರು, ಮೊದಲು ಇದ್ದ ಕಿಂಡಿ ಈಗ ಇಲ್ಲ, ಜೊತೆಗೆ ಕೆಮ್ಮೂ ಇದೆ ಅಂದರೆ ನಾಳೆ ನಾಡಿದ್ದು ಅನ್ನದೆ ಎದೆಯ ಎಕ್ಸ್‌ರೇ ತೆಗೆಸಬೇಕು.

ಐದನೆಯದು, ಉಗುರು ಬಿಳುಚಿ ತುದಿಯಲ್ಲಿ ಮಾತ್ರ ಒಂದು ಕೆಂಪು ಪಟ್ಟಿ ಉಳಿಯುವುದು. 1954ರಲ್ಲಿ ರಿಚರ್ಡ್ ಟೆರ್ರಿ ಎಂಬ ವೈದ್ಯರು ಯಕೃತ್ತು ಕೆಟ್ಟವರಲ್ಲಿ ಇದನ್ನು ಕಂಡರು. ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ ಇರುವವರಲ್ಲೂ ಬರುತ್ತದೆ, ಬರೀ ವಯಸ್ಸಾದವರಲ್ಲೂ ಬರುತ್ತದೆ. ನೋಡಿ, ವಯಸ್ಸು ಮತ್ತು ಕಾಯಿಲೆ ಒಂದೇ ಥರ ಕಾಣುವುದಕ್ಕೆ ಇದೇ ಉದಾಹರಣೆ. ಕಣ್ಣಿನಲ್ಲಿ ನೋಡಿ ಇದು ಇಂಥದ್ದೇ ಅನ್ನಲಾಗದು, ರಕ್ತ ಪರೀಕ್ಷೆ ಹೇಳಬೇಕು.

ಆರನೆಯದು, ಕಪ್ಪು ಗೆರೆ. ನಮ್ಮಂಥ ಕಪ್ಪು ಮೈಬಣ್ಣದವರಿಗೆ ಹಲವು ಉಗುರಿನಲ್ಲಿ ಕಂದು ಗೆರೆ ಇರುವುದು ಸಾಮಾನ್ಯ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಬಂದು, ಅಗಲ ಆಗುತ್ತಾ, ಪಕ್ಕದ ಚರ್ಮಕ್ಕೂ ಕಪ್ಪು ಹರಡಿದರೆ ಅದು ಚರ್ಮದ ಕ್ಯಾನ್ಸರ್ ಇರಬಹುದು. ಏಟು ಬಿದ್ದು ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆ ಮುಂದೆ ಸರಿಯುತ್ತದೆ. ಸರಿಯದೆ ಅಲ್ಲೇ ನಿಂತ ಕಪ್ಪನ್ನು ತೋರಿಸಲೇಬೇಕು.

ಇನ್ನು ನಮ್ಮ ಕೆಲಸದಿಂದ ಬರುವ ತೊಂದರೆಗಳು. ದಿನವೆಲ್ಲ ಸಗಣಿ, ಗಂಜಲ, ಪಾತ್ರೆ, ಬಟ್ಟೆ ಅಂತ ನೀರಿನಲ್ಲೇ ಕೈ ಇರುವ ಹೆಣ್ಣುಮಕ್ಕಳಿಗೆ ಉಗುರುಸುತ್ತು ಬರುತ್ತದೆ. ಬುಡ ಊದಿ ಕೀವು ಆಗುತ್ತದೆ. ನಿಂಬೆಹಣ್ಣು ಸಿಕ್ಕಿಸಿಕೊಂಡು ವಾರಗಟ್ಟಲೆ ಓಡಾಡುತ್ತಾರೆ. ಕೀವು ತುಂಬಿದ್ದರೆ, ನೋವು ಮೇಲಕ್ಕೆ ಏರುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ ಕಾಯಬಾರದು, ಆಸ್ಪತ್ರೆಗೆ ಹೋಗಿ ತೆಗೆಸಬೇಕು. ಕೆಲಸ ಮುಗಿದ ಮೇಲೆ ಕೈ ಒರೆಸಿ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ. ಉಗುರು ಹಳದಿಯಾಗಿ ದಪ್ಪವಾಗಿ ಪುಡಿ ಉದುರುತ್ತಿದ್ದರೆ ಅದು ಶಿಲೀಂಧ್ರ ಇರಬಹುದು. ಔಷಧಿ ಉಂಟು, ಆದರೆ ಹೊಸ ಉಗುರು ಬರುವವರೆಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಕಳೆಗೆ ಔಷಧಿ ಹೊಡೆಯುವ ಯುವಕರು ಕೇಳಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬರಿಗೈಯಲ್ಲಿ ಅಳೆದು ಬೆರೆಸಿದರೆ ಉಗುರಿನ ಬಣ್ಣ ಕೆಟ್ಟು, ಬಿಳಿ ಪಟ್ಟಿ ಬಂದು, ಉಗುರೇ ಕಳಚಿ ಬೀಳುವುದುಂಟು. ಹೊಟ್ಟೆಗೆ ಹೋದರಂತೂ ಅದಕ್ಕೆ ಪ್ರತಿವಿಷ ಇಲ್ಲ. ಕೈಗವಸು ಹಾಕಿ, ಕೋಲಿನಲ್ಲಿ ಕಲಸಿ. ಉಗುರು ಕಳಚುವುದು ಊಟದಿಂದಲೂ ಆಗಬಹುದು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ 2024ರ ಕೊನೆ, 2025ರ ಮೊದಲಲ್ಲಿ ಜನರ ತಲೆಗೂದಲು ಇದ್ದಕ್ಕಿದ್ದಂತೆ ಉದುರಿತು. 2025ರ ಏಪ್ರಿಲ್ ಹೊತ್ತಿಗೆ ಅವರಲ್ಲಿ ಹಲವರ ಉಗುರು ಕಳಚತೊಡಗಿತು. ತಿನ್ನುವ ಗೋಧಿಯಲ್ಲಿ ಸೆಲೆನಿಯಂ ಎಂಬ ಅಂಶ ಅತಿಯಾಗಿದ್ದುದೇ ಕಾರಣ ಅಂತ ಅದನ್ನು ಪರೀಕ್ಷೆ ಮಾಡಿಸಿದ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಹೇಳಿದರು. ಒಂದು ಮನೆಯಲ್ಲೋ ಊರಿನಲ್ಲೋ ಹಲವರ ಉಗುರು ಒಟ್ಟಿಗೆ ಕೆಟ್ಟರೆ ನೀರು, ಆಹಾರ ಪರೀಕ್ಷೆ ಆಗಬೇಕು ಅಂತ ನಾವು ಕೇಳಬೇಕು.

ಹಿರಿಯರ ಕಾಲಿನ ಉಗುರಿನ ಬಗ್ಗೆ ಒಂದು ಮಾತು. ಬಗ್ಗಲಾಗದೆ, ಕಣ್ಣು ಕಾಣದೆ ಅವರು ಹಾಗೇ ಬಿಟ್ಟಿರುತ್ತಾರೆ. ಸೊಸೆಯನ್ನು ಕೇಳಲು ಸಂಕೋಚ. ಮಗ, ಮೊಮ್ಮಗ ಮಾಡಬೇಕಾದ ಕೆಲಸ ಇದು. ಸ್ನಾನ ಆದ ಮೇಲೆ ಉಗುರು ಮೆತ್ತಗಾದಾಗ ನೇರವಾಗಿ ಕತ್ತರಿಸಿ, ಮೂಲೆ ಕೆದಕಬೇಡಿ. ಸಕ್ಕರೆ ಕಾಯಿಲೆಯವರಿಗೆ ಕಾಲು ಜೋಮು ಹಿಡಿದು ಗಾಯ ಆದದ್ದೇ ತಿಳಿಯುವುದಿಲ್ಲ, ಸಣ್ಣ ಗಾಯ ಕಾಲನ್ನೇ ತೆಗೆಯುವ ಮಟ್ಟಕ್ಕೆ ಹೋಗುತ್ತದೆ. ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು ಅಂತೀರಾ, ಬೇಡ. ಬುಧವಾರ ಕತ್ತರಿಸಿ. ವಾರ ಮಾತ್ರ ತಪ್ಪಿಸಬೇಡಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತ ಗಾದೆ ಇದೆ. ಉಗುರಿಗೂ ಕನ್ನಡಿ ಬೇಡ. ಆದರೆ ಉಗುರು ಅನುಮಾನ ಹುಟ್ಟಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಪರೀಕ್ಷೆ ಬೇಕು. ಇಲ್ಲಿಗೆ ನಾವು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇವೆ.

ನಮ್ಮ ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲಿನ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡುತ್ತೇವೆ. ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳಕ್ಕೆ ನಿಲ್ಲುತ್ತೇವೆ. ಆ ಹಾಲು ಕರೆದ ಕೈಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿದರೆ ಎಷ್ಟು ಮನೆಯವರು ಹೇಳುತ್ತೀರಿ? ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ದಿನ ಮರೆಯುವುದಿಲ್ಲ. ಹೆಂಡತಿಗೆ ಆರು ತಿಂಗಳಿಂದ ಸುಸ್ತು ಅಂದರೆ "ಒಂದೆರಡು ದಿನ ಮಲಗು, ಸರಿ ಹೋಗುತ್ತೆ" ಅನ್ನುತ್ತೇವೆ. ಇದು ಯಾರೊಬ್ಬರನ್ನು ಕುರಿತು ಹೇಳಿದ್ದಲ್ಲ, ಊರಿನ ನಡವಳಿಕೆ ಹೀಗಿದೆ.

ಆದ್ದರಿಂದ ಮಂಡಳಿಯ ಮುಂದೆ ಒಂದು ಸಲಹೆ ಇಡುತ್ತಿದ್ದೇವೆ. ಪ್ರತಿ ವರ್ಷ ಬೋನಸ್ ಹಂಚುವ ದಿನ ಎಲ್ಲರೂ ಹೇಗೂ ಬರುತ್ತೀರಿ. ಆ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ಸಂಘದ ಆವರಣದಲ್ಲೇ ಹಿಮೋಗ್ಲೋಬಿನ್, ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸೋಣ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಇದನ್ನು ಠರಾವು ಮಾಡಬೇಕೆಂದು ಕೋರುತ್ತೇವೆ. ಅದರಲ್ಲಿ ಒಂದು ಷರತ್ತು ಇರಲಿ. ಪರೀಕ್ಷೆ ಷೇರುದಾರರಿಗೆ ಮಾತ್ರ ಅಂತ ಆಗಬಾರದು. ಎಷ್ಟೋ ಮನೆಯಲ್ಲಿ ಪಾಸ್‌ಬುಕ್ಕಿನಲ್ಲಿ ಹೆಸರು ಯಜಮಾನರದು, ಕೆಚ್ಚಲಿಗೆ ಕೈ ಹಾಕುವವರು ಮನೆಯಾಕೆ. ಹಾಲು ಕರೆಯುವ ಕೈಗೆ ಪರೀಕ್ಷೆ ಆಗಬೇಕು. ಅತ್ತೆ, ಸೊಸೆ, ಕೂಲಿಗೆ ಬರುವ ಹೆಣ್ಣಾಳು, ಯಾರೇ ಆಗಲಿ.

ಸಹಕಾರಿಗಳಿಗೆ ಯಶಸ್ವಿನಿ ಯೋಜನೆ ಇದೆಯಲ್ಲ ಅಂತ ಕೆಲವರು ಕೇಳಬಹುದು. 2003ರಲ್ಲಿ ಜಾರಿಗೆ ಬಂದು, ನಡುವೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾದ ಒಳ್ಳೆಯ ಯೋಜನೆ ಅದು. ಆದರೆ ಅದು ಹೆಚ್ಚಾಗಿ ಆಪರೇಷನ್ ಮಟ್ಟಕ್ಕೆ ಹೋದ ಕಾಯಿಲೆಗೆ. ಅಲ್ಲಿಯವರೆಗೆ ಕಾಯುವುದೇಕೆ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ನಮ್ಮ ಹಿರಿಯರು ಹೇಳಿಲ್ಲವೇ?

ಇವತ್ತು ಮನೆಗೆ ಹೋದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರ ಕೈ ಇನ್ನೊಬ್ಬರು ನೋಡಿ. ಉಗುರುಬಣ್ಣ, ಮೆಹೆಂದಿ ಇದ್ದರೆ ಅದು ಹೋದ ಮೇಲೆ ನೋಡಿ. ಗಂಡ ಹೆಂಡತಿಯ ಕೈ ನೋಡಲಿ, ಮೊಮ್ಮಕ್ಕಳು ಅಜ್ಜಿಯ ಕೈ ನೋಡಲಿ. ನಾವು ಹೇಳಿದ ಗುರುತು ಕಂಡರೆ ಸೋಮವಾರ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಆ ದಿನ ಹಾಲು ಹಾಕಲು ತಡ ಆದರೆ ಕ್ಯಾನು ಲಾರಿಗೆ ಏರುವ ಮುಂಚೆ ಹಾಲು ತೆಗೆದುಕೊಳ್ಳುವ ವ್ಯವಸ್ಥೆ ಮಾಡಿ ಅಂತ ಕಾರ್ಯದರ್ಶಿಗಳಲ್ಲಿ ನಾವೇ ಕೇಳಿಕೊಳ್ಳುತ್ತೇವೆ.

 ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಇಲ್ಲಿರುವ ಹಿರಿಯರೂ ತಾಯಂದಿರೂ ಗಟ್ಟಿಮುಟ್ಟಾಗಿ ಮುಂದಿನ ಸಾಲಿನಲ್ಲಿ ಕುಳಿತಿರಲಿ ಅಂತ ಹಾರೈಸಿ ಎರಡು ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.